ಮಗಳ ಹಸಿರು ಕಾಗದ

2018ರಲ್ಲಿ, ಚಳಿಗಾಲ ಇನ್ನೂ ಮುಗಿಯದಿದ್ದ ಒಂದು ಸಂಜೆ ನನ್ನ ಮಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನ್ಯೂಯಾರ್ಕ್ ನಗರದ ಬೇಸಿಗೆ ಕೆಲಸದ ಯೋಜನೆಗೆ ಅರ್ಜಿ ತುಂಬುತ್ತಿದ್ದ. ಅವನಿಗೆ ಆಗ ಹದಿನಾರು. ನಾನು ಒಲೆಯ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹೆಸರು, ವಿಳಾಸ, ಶಾಲೆ, ಯಾವ ಬಗೆಯ ಕೆಲಸದಲ್ಲಿ ಆಸಕ್ತಿ ಎಂದು ತನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದವನು ಒಂದು ಪ್ರಶ್ನೆಯ ಬಳಿ ತಡೆದು ನಿಂತ. ‘ಅಮ್ಮ, ನನಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇದೆಯೇ?’ ಎಂದು ಕೇಳಿದ. ಇಲ್ಲ ಎಂದೆ. ಅವನು ಇನ್ನೊಂದು ಮಾತು ಆಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟು, ಅದೇ ಜಾಗದಲ್ಲಿ ತಟ್ಟೆ ಇಟ್ಟುಕೊಂಡು ಊಟಕ್ಕೆ ಕುಳಿತ.

ಆರು ವರ್ಷಗಳ ನಂತರ, 2024ರಲ್ಲಿ, ಅವನ ತಂಗಿ ಅದೇ ಮೇಜಿನ ಮೇಲೆ ಅದೇ ಅರ್ಜಿ ತುಂಬಿದಳು. ಅವಳಿಗೂ ಹದಿನಾರು. ಆ ಪ್ರಶ್ನೆಗೆ ಅವಳು ‘ಹೌದು’ ಎಂದು ಗುರುತು ಹಾಕಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅಲ್ಲಿಂದ ಮುಂದಿನ ಆರೇಳು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದಿಡಬೇಕು ಅನ್ನಿಸಿದೆ. ಮಕ್ಕಳನ್ನು ಕಟ್ಟಿಕೊಂಡು ದೊಡ್ಡ ಊರುಗಳಲ್ಲಿ ಬದುಕುತ್ತಿರುವ ನಮ್ಮವರಿಗೆ ಉಪಯೋಗವಾದೀತು ಎಂಬುದು ಒಂದು ಕಾರಣ. ಮಗನಿಗೆ ಅಂದು ‘ಇಲ್ಲ’ ಎಂದದ್ದು ನನ್ನೊಳಗೆ ಇನ್ನೂ ಹಾಗೇ ಉಳಿದಿದೆ ಎಂಬುದು ಇನ್ನೊಂದು.

ನಾವು ಇರುವುದು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ, ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರ. ಈ ನಗರದಲ್ಲಿ ‘ಸಮ್ಮರ್ ಯೂತ್ ಎಂಪ್ಲಾಯ್‌ಮೆಂಟ್ ಪ್ರೋಗ್ರಾಂ’ ಎಂಬ ಯೋಜನೆ 1963ರಿಂದ ಇದೆ. ಜುಲೈ ಆಗಸ್ಟ್ ತಿಂಗಳ ರಜೆಯಲ್ಲಿ 14ರಿಂದ 24 ವಯಸ್ಸಿನವರಿಗೆ ಆರು ವಾರ ಕೆಲಸ. ಕೆಲಸ ಮಾಡುವ ಜಾಗ ಆಸ್ಪತ್ರೆ ಇರಬಹುದು, ಗ್ರಂಥಾಲಯ ಇರಬಹುದು, ಚಿಕ್ಕ ಮಕ್ಕಳ ಬೇಸಿಗೆ ಶಿಬಿರವೋ ಅಂಗಡಿಯೋ ಕಚೇರಿಯೋ ಇರಬಹುದು. ಸಂಬಳ ಮಾತ್ರ ನಗರಾಡಳಿತದ ಬೊಕ್ಕಸದಿಂದ ಬರುತ್ತದೆ. ಹದಿನಾಲ್ಕು, ಹದಿನೈದರ ಮಕ್ಕಳು ಗುಂಪಾಗಿ ಯಾವುದಾದರೂ ಯೋಜನೆಯ ಮೇಲೆ ದುಡಿದು ಕಲಿಯುತ್ತಾರೆ, ಅವರಿಗೆ 700 ಡಾಲರ್‌ವರೆಗೆ ಭತ್ಯೆ ಸಿಗುತ್ತದೆ. ಹದಿನಾರು ತುಂಬಿದವರದು ನಿಜವಾದ ನೌಕರಿ: ವಾರಕ್ಕೆ 25 ಗಂಟೆಯವರೆಗೆ ಕೆಲಸ, ಕಾನೂನಿನ ಪ್ರಕಾರದ ಕನಿಷ್ಠ ವೇತನ. 2024ರಲ್ಲಿ ಅದು ಗಂಟೆಗೆ 16 ಡಾಲರ್ ಇತ್ತು. 2022ರಲ್ಲಿ ಜಾಗಗಳ ಸಂಖ್ಯೆಯನ್ನು ಸುಮಾರು ಒಂದು ಲಕ್ಷಕ್ಕೆ ಏರಿಸಿದರು. ಅರ್ಜಿ ಹಾಕುವವರು ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಹೆಚ್ಚಿನ ಜಾಗಗಳಿಗೆ ಲಾಟರಿ ಎತ್ತುತ್ತಾರೆ.

ಮಗನಿಗೆ ಅನುಮತಿ ಏಕೆ ಇರಲಿಲ್ಲ ಎಂಬುದು ಇಲ್ಲಿನ ಭಾರತೀಯ ಮನೆಗಳಲ್ಲಿ ವಿವರಿಸಬೇಕಾದ ವಿಷಯವೇ ಅಲ್ಲ. ನನ್ನ ಪತಿ ಎಚ್-1ಬಿ ಎಂಬ ನೌಕರಿಯ ವೀಸಾದಲ್ಲಿ ಬಂದವರು, ನಾನು ಮತ್ತು ಮಕ್ಕಳು ಅವರ ಬೆನ್ನಿಗೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ. 2012ರಲ್ಲಿ ಬಂದಾಗ ಮಗನಿಗೆ ಹತ್ತು, ಮಗಳಿಗೆ ನಾಲ್ಕು. ಎಚ್-4ರ ಮಕ್ಕಳು ಶಾಲೆಗೆ ಹೋಗಬಹುದು, ಒಂದು ಡಾಲರ್ ದುಡಿಯುವಂತಿಲ್ಲ. ಶಿವಮೊಗ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಎಂಟು ವರ್ಷ ಪಾಠ ಮಾಡಿದ್ದ ನಾನೂ ಇಲ್ಲಿಗೆ ಬಂದ ಮೇಲೆ ಮೂರು ವರ್ಷ ಸುಮ್ಮನೆ ಕುಳಿತವಳೇ. 2015ರ ಮೇ ತಿಂಗಳಿನಿಂದ ಎಚ್-4ರ ಕೆಲವು ಪತ್ನಿಯರಿಗೆ, ಪತಿಯರಿಗೆ ಕೆಲಸದ ಪರವಾನಗಿ ಕೊಡುವ ನಿಯಮ ಬಂತು, ನನಗೆ ಬಾಗಿಲು ತೆರೆಯಿತು. ಮಕ್ಕಳಿಗೆ ತೆರೆಯಲಿಲ್ಲ. ಕೈಕಾಲು ಗಟ್ಟಿಯಿದ್ದೂ, ಬುದ್ಧಿಯಿದ್ದೂ, ದುಡಿಮೆಯಿಂದ ಹೊರಗೆ ಕೂರುವುದು ಒಳಗೊಳಗೇ ಮನುಷ್ಯರನ್ನು ಹೇಗೆ ತಿನ್ನುತ್ತದೆ ಎಂದು ನನಗೆ ಗೊತ್ತಿತ್ತು. ಆದ್ದರಿಂದಲೇ ಆ ಸಂಜೆ ಮಗ ಸದ್ದಿಲ್ಲದೆ ಊಟ ಮಾಡಿದ್ದನ್ನು ನೋಡಲಾಗಲಿಲ್ಲ.

ಆ ಬೇಸಿಗೆ ಅವನು ಗ್ರಂಥಾಲಯವೊಂದರಲ್ಲಿ ಸ್ವಯಂಸೇವಕನಾಗಿ ಪುಸ್ತಕ ಜೋಡಿಸಿದ. ಸೇವೆ ದೊಡ್ಡದೇ, ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಗೆಳೆಯರೆಲ್ಲ ‘ನಿನಗೆ ಎಷ್ಟು ಬಂತು, ನನಗೆ ಇಷ್ಟು ಬಂತು’ ಎಂದು ಮಾತಾಡಿಕೊಳ್ಳುವಾಗ ಅವನು ಮಾತು ಬದಲಿಸುತ್ತಿದ್ದನಂತೆ. ಇದನ್ನು ಅವನು ನನಗೆ ಹೇಳಿದ್ದು ಇಪ್ಪತ್ತೆರಡರ ವಯಸ್ಸಿನಲ್ಲಿ, ತಂಗಿಯ ಅರ್ಜಿ ಹೋದ ರಾತ್ರಿ.

ಇಲ್ಲಿ ಕಾಯಂ ನೆಲೆಸಲು ಬೇಕಾದ ಹಸಿರು ಕಾರ್ಡಿಗೆ ಸಾಲಿನಲ್ಲಿ ನಿಂತವರಲ್ಲಿ ಯಾವ ದಿನಾಂಕದವರೆಗಿನವರು ಅರ್ಜಿ ಹಾಕಬಹುದು ಎಂಬ ಗಡಿ 2020ರ ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದಂತೆ ಮುಂದಕ್ಕೆ ಸರಿಯಿತು. ನಮ್ಮಂತೆ 2014ರಲ್ಲಿ ಸಾಲಿಗೆ ನಿಂತವರಿಗೂ ಹಸಿರು ಕಾರ್ಡಿನ ಅಂತಿಮ ಅರ್ಜಿ ಹಾಕುವ ಅವಕಾಶ ಸಿಕ್ಕಿತು. ಕಾರ್ಡು ಇನ್ನೂ ಬಂದಿಲ್ಲ. ಆದರೆ ಅರ್ಜಿಯ ಜೊತೆಗೆ ಮಕ್ಕಳಿಗೂ ಕೆಲಸದ ಪರವಾನಗಿ ಬಂತು. ಮಗಳು ಆ ‘ಹೌದು’ ಎಂಬ ಗುರುತು ಹಾಕಲು ಸಾಧ್ಯವಾದದ್ದು ಹೀಗೆ.

ವಿಷಯ ಊರಿಗೆ ತಿಳಿದಾಗ ಅತ್ತೆ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ: ‘ನನ್ನ ಮಗನಿಗೆ ಕೆಲಸ ಹೋಯಿತೇನಮ್ಮ? ಓದುವ ಮಗುವನ್ನು ದುಡಿಯಲು ಕಳಿಸುವಷ್ಟು ಏನು ಬಂತು?’ ಅವರ ಆತಂಕ ಸುಳ್ಳಲ್ಲ. ನಮ್ಮ ಕಡೆ ರಜೆ ಎಂದರೆ ಅಜ್ಜಿಯ ಮನೆ, ಮಾವಿನ ಮರ, ಹೊಳೆ. ಓದುವ ವಯಸ್ಸಿನಲ್ಲಿ ದುಡಿದವರು ಅನಿವಾರ್ಯಕ್ಕೆ ದುಡಿದವರು. ತೀರ್ಥಹಳ್ಳಿಯ ನಮ್ಮ ತವರಿನಲ್ಲಿ ಅಡಕೆ ಸುಲಿಯುವ ಕಾಲಕ್ಕೆ ರಾತ್ರಿ ಸುಲಿತಕ್ಕೆ ಬರುತ್ತಿದ್ದವರಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳಿದ್ದಳು. ಡಬ್ಬಕ್ಕೆ ಇಷ್ಟು ಎಂದು ಕೂಲಿ. ತನ್ನ ಡಬ್ಬಗಳ ಲೆಕ್ಕವನ್ನು ಅವಳು ಗಣಿತದ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಗೀಟು ಗೀಟಾಗಿ ಬರೆದಿಟ್ಟುಕೊಳ್ಳುತ್ತಿದ್ದಳು. ಒಮ್ಮೆ ನಮ್ಮ ಅಪ್ಪಯ್ಯನ ಲೆಕ್ಕದಲ್ಲಿ ಒಂದು ಡಬ್ಬ ಕಡಿಮೆ ಬಂದಾಗ ಆ ಹಾಳೆ ತೆರೆದು ಮುಂದಿಟ್ಟಳು. ಅಪ್ಪಯ್ಯ ಮಾತಿಲ್ಲದೆ ಒಪ್ಪಿಕೊಂಡು ಹಣ ಕೊಟ್ಟರು. ನಿದ್ದೆಗೆಟ್ಟು ತರಗತಿಯಲ್ಲಿ ತೂಕಡಿಸುತ್ತಿದ್ದ ಆ ಹುಡುಗಿಯ ಬಗ್ಗೆ ನನಗೆ ಕನಿಕರವಿತ್ತು. ಆ ದಿನದಿಂದ ಗೌರವವೂ ಹುಟ್ಟಿತು. ಮಕ್ಕಳನ್ನು ರಾತ್ರಿಯೆಲ್ಲ ದುಡಿಸುವುದು ತಪ್ಪು. ವಾರಕ್ಕೆ 25 ಗಂಟೆ, ಹಗಲಿನಲ್ಲಿ, ಕಾನೂನಿನ ಕಣ್ಣೆದುರು ದುಡಿಯುವುದು ಬೇರೆ. ಅತ್ತೆಗೆ ಇದನ್ನು ಹೇಳಿದೆ. ‘ಮಧ್ಯಾಹ್ನ ಊಟ ಕೊಡುತ್ತಾರೋ?’ ಎಂದು ಕೇಳಿ ಸುಮ್ಮನಾದರು.

ಪರಿಚಯದ ಕೆಲವರು ಬೇರೆ ದಾರಿ ಸೂಚಿಸಿದರು. ಗೊತ್ತಿರುವವರ ಕಂಪನಿಯಲ್ಲಿ ಸಂಬಳವಿಲ್ಲದ ಇಂಟರ್ನ್‌ಶಿಪ್ ಕೊಡಿಸುತ್ತೇವೆ, ಕಾಲೇಜು ಅರ್ಜಿಗೆ ಅದರ ತೂಕ ಹೆಚ್ಚು ಎಂದರು. ಕೈಯಿಂದಲೇ ಸಾವಿರಾರು ಡಾಲರ್ ಕಟ್ಟಿ ಸೇರುವ ಬೇಸಿಗೆ ಕೋರ್ಸುಗಳ ಹೆಸರು ಹೇಳಿದರು. ನನ್ನ ಮನಸ್ಸು ಒಪ್ಪಲಿಲ್ಲ. ಅಪ್ಪನ ಪರಿಚಯದಿಂದ ಸಿಗುವ ಕುರ್ಚಿಯಲ್ಲಿ ಮಗು ಕಲಿಯುವುದು ಅಪ್ಪನ ಪರಿಚಯದ ಬೆಲೆಯನ್ನು ಮಾತ್ರ. ಸಂಬಳ ಕೊಡುವವನು ಗಂಟೆ ಎಣಿಸುತ್ತಾನೆ, ತಡವಾದರೆ ಕೇಳುತ್ತಾನೆ. ಸಂಬಳ ಪಡೆಯುವವಳಿಗೂ ತನ್ನ ಗಂಟೆಗಳನ್ನು ಎಣಿಸಿಕೊಳ್ಳುವ ಹಕ್ಕು ಹುಟ್ಟುತ್ತದೆ.

ನನ್ನ ಪತಿಗೆ ಇನ್ನೊಂದು ಅಳುಕಿತ್ತು. ನಮಗೆ ಹಣದ ಕೊರತೆಯಿಲ್ಲ, ನಿಜವಾಗಿ ಬೇಕಾದ ಮಗುವಿನ ಜಾಗವನ್ನು ನಾವು ಕಿತ್ತುಕೊಳ್ಳುತ್ತಿದ್ದೇವೆಯೇ ಎಂದು. ಎರಡು ರಾತ್ರಿ ಇದೇ ಮಾತು. ಈ ಲಾಟರಿಗೆ ಮನೆಯ ಆದಾಯದ ಮಿತಿಯಿಲ್ಲ. ವಸತಿಹೀನ ಮಕ್ಕಳಿಗೆ, ಸಾಕುಮನೆಗಳಲ್ಲಿ ಬೆಳೆಯುವವರಿಗೆ, ನಗರದ ಸರ್ಕಾರಿ ವಸತಿಗಳಲ್ಲಿ ಇರುವವರಿಗೆ ಬೇರೆಯೇ ಜಾಗಗಳಿವೆ. ಅದನ್ನು ಓದಿದ ಮೇಲೂ ಇವರ ಅಳುಕು ಪೂರ್ತಿ ಹೋಗಲಿಲ್ಲ. ಅದು ಇರಬೇಕಾದ ಅಳುಕೇ ಎಂದು ನನಗೂ ಅನ್ನಿಸಿತು. ಮಗಳು ಮಾತ್ರ, ‘ಚೀಟಿ ಎತ್ತುವಾಗ ಅಪ್ಪನ ಹೆಸರು ನೋಡುವುದಿಲ್ಲವಲ್ಲ, ನನಗೆ ಅದೇ ಇಷ್ಟ’ ಎಂದಳು.

ವಸಂತದಲ್ಲಿ ಆಯ್ಕೆಯ ಸಂದೇಶ ಬಂತು. ನಿಜವಾದ ಓಡಾಟ ಶುರುವಾದದ್ದು ಅಲ್ಲಿಂದ. ಗುರುತಿನ ಚೀಟಿ, ಕೆಲಸದ ಪರವಾನಗಿ, ಸರ್ಕಾರದ ಪಿಂಚಣಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯೂರಿಟಿಯ ಕಾರ್ಡು, ವಿಳಾಸದ ಪುರಾವೆ, ಶಾಲೆಯ ದಾಖಲೆ, ಮನೆಯ ಆದಾಯದ ವಿವರ, ಒಂದೊಂದನ್ನೂ ಸ್ಕ್ಯಾನ್ ಮಾಡಿ ಕಳಿಸಬೇಕು. ಎಲ್ಲ ಕಳಿಸಿ ಮೂರು ದಿನಕ್ಕೆ, ನಮ್ಮ ಭಾಗದಲ್ಲಿ ಇದನ್ನು ನೋಡಿಕೊಳ್ಳುವ ಸಂಸ್ಥೆಯಿಂದ ಉತ್ತರ ಬಂತು: ದಾಖಲೆಗಳಲ್ಲಿರುವ ಹೆಸರು ಹೊಂದುತ್ತಿಲ್ಲ.

ಹೆಸರಿನ ಕಥೆ ನಮ್ಮ ಕಡೆಯ ಎಷ್ಟೋ ಮನೆಗಳದು. ಮಗಳ ಹೆಸರು ಒಂದೇ ಪದ. ಮನೆತನದ ಹೆಸರೆಂದು ಏನೂ ಇಲ್ಲ, ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಕೊನೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೆವು. ವೀಸಾ ಮುದ್ರಿಸುವಾಗ ಆ ಒಂದೇ ಹೆಸರು ಕೊನೆಯ ಹೆಸರಾಯಿತು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಬಿತ್ತು. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಅತ್ತೆ ತೊಟ್ಟಿಲ ಬಳಿ ಬಾಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರು, ಇಲ್ಲಿನ ಕಾಗದದಲ್ಲಿ ತಿಳಿಯದ ಹೆಸರಾಯಿತು. ಅದೇ ಮುಂದೆ ಪರವಾನಗಿಯ ಕಾರ್ಡಿಗೂ ಹತ್ತಿಕೊಂಡಿತು. ಶಾಲೆಯಲ್ಲಿ ಮಾತ್ರ ಸೇರಿಸುವಾಗಲೇ ಅವಳ ಹೆಸರಿನ ಮುಂದೆ ಅಪ್ಪನ ಹೆಸರು ಸೇರಿಸಿ ಬರೆದುಕೊಂಡಿದ್ದರು. ಈಗ ಒಂದು ಕಾಗದದ ಹುಡುಗಿ ಇನ್ನೊಂದು ಕಾಗದದ ಹುಡುಗಿಯಲ್ಲ ಎಂಬ ಸ್ಥಿತಿ.

ನಾನು ಪಾಸ್‌ಪೋರ್ಟ್ ಹಿಡಿದುಕೊಂಡು ಶಾಲೆಗೆ ಹೋದೆ. ಮಾರ್ಗದರ್ಶನದ ಶಿಕ್ಷಕಿ ಹತ್ತು ನಿಮಿಷದಲ್ಲಿ ವಿಷಯ ಹಿಡಿದರು. ‘ಬಾಂಗ್ಲಾದೇಶದ, ಇಂಡೊನೇಷ್ಯಾದ ಮಕ್ಕಳಿಗೂ ಇದೇ ಆಗುತ್ತದೆ’ ಎಂದು ಸಮಾಧಾನ ಹೇಳಿ, ಎರಡೂ ಹೆಸರು ಒಬ್ಬಳದೇ ಎಂದು ಶಾಲೆಯ ಕಾಗದದಲ್ಲಿ ಬರೆದು, ಪ್ರಾಂಶುಪಾಲರ ಸಹಿ ಹಾಕಿಸಿಕೊಟ್ಟರು. ಸಂಸ್ಥೆಯವರು ಅದನ್ನು ಒಪ್ಪಲು ಎರಡು ವಾರ ತೆಗೆದುಕೊಂಡರು. ನನ್ನ ಅನುಭವದಲ್ಲಿ ಹೇಳುವುದಾದರೆ, ನಿಮ್ಮ ಮಕ್ಕಳ ದಾಖಲೆಗಳಲ್ಲೂ ಹೆಸರು ಹೀಗೆ ಒಡೆದಿದ್ದರೆ ಲಾಟರಿಯ ಫಲಿತಾಂಶಕ್ಕೆ ಕಾಯಬೇಡಿ. ಅರ್ಜಿ ಹಾಕಿದ ದಿನವೇ ಶಾಲೆಯಿಂದ ಅಂಥ ಪತ್ರ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಕಾಗದವೂ ಬೇಕಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ಹದಿನೆಂಟು ತುಂಬದವರು ದುಡಿಯಬೇಕಾದರೆ ಅದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಪಡೆಯಬೇಕು. ಹದಿನಾಲ್ಕು, ಹದಿನೈದರವರಿಗೆ ನೀಲಿ, ಹದಿನಾರು, ಹದಿನೇಳರವರಿಗೆ ಹಸಿರು. ಅರ್ಜಿಗೆ ತಂದೆ ಅಥವಾ ತಾಯಿಯ ಸಹಿ ಬೇಕು, ವರ್ಷದೊಳಗೆ ವೈದ್ಯರು ಪರೀಕ್ಷಿಸಿದ ಪತ್ರ ಬೇಕು. ಶಾಲೆಯ ಕಚೇರಿಯಲ್ಲೇ ಕೊಡುತ್ತಾರೆ. ಆ ಹಸಿರು ಕಾಗದದ ಕೆಳಗೆ ಮಗಳೇ ತನ್ನ ಕೈಯಾರೆ ಸಹಿ ಮಾಡಬೇಕಿತ್ತು. ಅವಳಿಗೆ ಸಹಿ ಎಂಬುದೇ ಇರಲಿಲ್ಲ. ಹಿಂದಿನ ರಾತ್ರಿ ಹಾಳೆಯ ತುಂಬ ತನ್ನ ಹೆಸರನ್ನು ಬರೆದು ಬರೆದು ನೋಡಿದಳು. ಕೊನೆಗೆ ಉಳಿಸಿಕೊಂಡದ್ದು ಕನ್ನಡ ಅಕ್ಷರದ ಸಹಿಯನ್ನು. ಭಾನುವಾರದ ಕನ್ನಡ ತರಗತಿಗೆ ಅಳುತ್ತಾ ಹೋಗುತ್ತಿದ್ದವಳು ಇವಳೇ. ನಾನು ಏನೂ ಹೇಳಲಿಲ್ಲ, ಆ ಹಾಳೆಯನ್ನು ಎತ್ತಿಟ್ಟುಕೊಂಡಿದ್ದೇನೆ.

ಕೆಲಸ ಸಿಕ್ಕಿದ್ದು ಜಾಕ್ಸನ್ ಹೈಟ್ಸ್‌ನ ಹಿರಿಯರ ಹಗಲು ಕೇಂದ್ರವೊಂದರಲ್ಲಿ. ಮೊದಲ ದಿನ ಅಣ್ಣ ತಾನೇ ಜೊತೆಗೆ ಹೊರಟ. ಫ್ಲಶಿಂಗ್ ಮೇನ್ ಸ್ಟ್ರೀಟ್‌ನಲ್ಲಿ ಏಳನೆಯ ನಂಬರಿನ ರೈಲು ಹತ್ತಿ, ನೆಲದಡಿಯಿಂದ ಮೇಲೆದ್ದು ಆಟದ ಮೈದಾನ ದಾಟಿ, ಏಳು ನಿಲ್ದಾಣ. ಇಳಿಯುವ ಜಾಗ ತೋರಿಸಿ ವಾಪಸು ಬಂದ. ಆ ವರ್ಷದ ಬೇಸಿಗೆಯಲ್ಲಿ ವಿದ್ಯಾರ್ಥಿಗಳ ಉಚಿತ ಪ್ರಯಾಣದ ಕಾರ್ಡು ರಜೆಯಲ್ಲಿ ನಡೆಯುತ್ತಿರಲಿಲ್ಲ. ಒಂದು ಸಲಕ್ಕೆ 2 ಡಾಲರ್ 90 ಸೆಂಟ್. ಹೋಗಿಬರುವ ಖರ್ಚು ಆರು ವಾರಕ್ಕೆ 174 ಡಾಲರ್ ಎಂದು ಮಗಳು ಲೆಕ್ಕ ಹಾಕಿದಳು. ಕೆಲಸಕ್ಕೆ ಹೋಗಲು ತಗಲುವ ಹಣವೂ ಗಳಿಕೆಯೊಳಗಿನದು ಎಂಬುದು ಅವಳಿಗೆ ಅಂದು ಹೊಳೆಯಿತು. ಆ ಸೆಪ್ಟೆಂಬರ್‌ನಿಂದ ಬಂದ ಹೊಸ ವಿದ್ಯಾರ್ಥಿ ಕಾರ್ಡು ವರ್ಷಪೂರ್ತಿ ನಡೆಯುತ್ತದೆ. ಮನೆಯಲ್ಲಿ ಹಣಕ್ಕೆ ಕಷ್ಟವಿರುವ ಮಕ್ಕಳಿಗೆ ಅದು ದೊಡ್ಡ ಉಪಕಾರ.

ಕೆಲಸ ಏನೆಂದರೆ, ಹತ್ತು ಗಂಟೆಗೆ ಹೋಗಿ ಬಂದವರ ಹೆಸರು ಬರೆದುಕೊಳ್ಳುವುದು, ಕುರ್ಚಿ ಜೋಡಿಸುವುದು, ಮಧ್ಯಾಹ್ನ ಊಟದ ತಟ್ಟೆಗಳನ್ನು ಎಣಿಸಿ ಹಂಚುವುದು, ಆಮೇಲೆ ಹಿರಿಯರಿಗೆ ಮೊಬೈಲ್ ಬಳಸಲು ಕಲಿಸುವುದು. ಮೊದಲ ವಾರ ಸಂಜೆ ಬಂದವಳೇ ಸೋಫಾದಲ್ಲಿ ಉರುಳುತ್ತಿದ್ದಳು. ಐದು ಗಂಟೆ ನಿಂತ ಕಾಲುಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕುಳಿತು, ‘ಅಮ್ಮ, ಊಟದ ತಟ್ಟೆ ಕೊಡುವಾಗ ಹಲವರು ನನ್ನ ಮುಖವನ್ನೇ ನೋಡುವುದಿಲ್ಲ’ ಎಂದಳು ಒಮ್ಮೆ. ನಾನು ಏನಾದರೂ ಹೇಳುವ ಮೊದಲೇ, ‘ನಾನೂ ಶಾಲೆಯ ಊಟದ ಮನೆಯಲ್ಲಿ ಹಾಗೆಯೇ ಮಾಡುತ್ತೇನೆ’ ಎಂದು ತಾನೇ ಸೇರಿಸಿದಳು.

ಅಲ್ಲಿ ಇಕ್ವೆಡಾರ್‌ನಿಂದ ಬಂದ ಹಿರಿಯರೊಬ್ಬರಿದ್ದರು. ನಲವತ್ತು ವರ್ಷ ಹೋಟೆಲುಗಳ ಅಡುಗೆಮನೆಯಲ್ಲಿ ಪಾತ್ರೆ ತೊಳೆದವರು. ಬೆರಳ ತುದಿಯ ಚರ್ಮ ಸವೆದು, ಮೊಬೈಲಿನ ಪರದೆ ಅವರ ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ. ಮಗಳಿಗೆ ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್ ಸ್ವಲ್ಪ ಬರುತ್ತದೆ. ಅವಳು ಅಕ್ಷರ ದೊಡ್ಡದು ಮಾಡಿಕೊಟ್ಟಳು, ಬೆರಳಿನ ಬದಲು ರಬ್ಬರ್ ತುದಿಯ ಕಡ್ಡಿಯಿಂದ ಒತ್ತುವುದನ್ನು ಹೇಳಿಕೊಟ್ಟಳು. ಅವರಿಗೆ ಬೇಕಾದದ್ದು ಒಂದೇ, ತಿಂಗಳ ಮೂರನೆಯ ಬುಧವಾರ ಪಿಂಚಣಿ ಬ್ಯಾಂಕಿಗೆ ಬಂತೇ ಎಂದು ತಾವೇ ನೋಡಿಕೊಳ್ಳಬೇಕು. ಅದುವರೆಗೆ ಸೊಸೆಯನ್ನು ಕೇಳಬೇಕಿತ್ತು, ಕೇಳಲು ಅವರಿಗೆ ಸಂಕೋಚ. ಜುಲೈನ ಆ ಬುಧವಾರ ಅವರು ಕಡ್ಡಿಯಿಂದ ತಾವೇ ಒತ್ತಿ, ಬಂದ ಮೊತ್ತವನ್ನು ಓದಿ, ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರಂತೆ. ಮನೆಗೆ ಬಂದವಳು ‘ನಮ್ಮ ತಾತ’ ಎಂದೇ ಹೇಳಿದಳು.

ಅವಳ ಮೊದಲ ಸಂಬಳ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ. ಅವಳ ಲೆಕ್ಕ 25 ಗಂಟೆಗೆ 400 ಡಾಲರ್. ಬ್ಯಾಂಕಿಗೆ ಬಂದದ್ದು ಮುನ್ನೂರಕ್ಕಿಂತ ಕಡಿಮೆ. ಕಡಿತ ಇರುತ್ತದೆ ಎಂದು ಗೊತ್ತಿತ್ತು, ಇಷ್ಟು ಇರಲಾರದು. ಸಂಬಳದ ಚೀಟಿ ತೆರೆದು ನೋಡಿದರೆ ಇಪ್ಪತ್ತೇ ಗಂಟೆ. ಒಂದು ದಿನದ ಹಾಜರಿಗೆ ಮೇಲಿನವರ ಒಪ್ಪಿಗೆ ಬಿದ್ದಿರಲಿಲ್ಲ. ಒಪ್ಪಬೇಕಾದವರು ರಜೆಯಲ್ಲಿದ್ದರು. ನನಗೆ ಸಿಟ್ಟು ಬಂತು. ಮಗುವಿನ ಐದು ಗಂಟೆಯ ದುಡಿಮೆ, 80 ಡಾಲರ್. ಫೋನ್ ಎತ್ತಿಕೊಂಡೆ. ಮಗಳು ನನ್ನ ಕೈ ಹಿಡಿದಳು. ‘ನೀನು ಮಾತಾಡಿದರೆ ನಾನು ಚಿಕ್ಕ ಹುಡುಗಿ ಆಗುತ್ತೇನೆ ಅಮ್ಮ’ ಎಂದಳು.

ಅವಳು ತಾನೇ ಬರೆದಳು. ಯಾವ ದಿನ, ಎಷ್ಟಕ್ಕೆ ಬಂದೆ, ಎಷ್ಟಕ್ಕೆ ಹೊರಟೆ, ಅಂದು ಎಷ್ಟು ತಟ್ಟೆ ಹಂಚಿದೆ, ಯಾರು ಜೊತೆಗಿದ್ದರು. ಇವೆಲ್ಲ ಅವಳ ಬಳಿ ಒಂದು ಸಣ್ಣ ಪುಸ್ತಕದಲ್ಲಿದ್ದವು. ಬರೆದಿಟ್ಟುಕೊಳ್ಳಲು ನಾನು ಹೇಳಿರಲಿಲ್ಲ. ಅಡಕೆ ಸುಲಿಯುತ್ತಿದ್ದ ಹುಡುಗಿಯ ಕಥೆಯನ್ನು ಅತ್ತೆಗೆ ಫೋನಿನಲ್ಲಿ ಹೇಳುವಾಗ ಅವಳು ಪಕ್ಕದ ಕೋಣೆಯಲ್ಲಿದ್ದಳು, ಅಷ್ಟೇ. ಎರಡು ಸಲ ನೆನಪಿಸಬೇಕಾಯಿತು. ಮುಂದಿನ ಸಂಬಳದಲ್ಲಿ ಆ ಐದು ಗಂಟೆಯೂ ಸೇರಿ ಬಂತು.

ಹಣವನ್ನು ಏನು ಮಾಡಿದಳು ಎಂದು ಎಲ್ಲರೂ ಕೇಳುತ್ತಾರೆ. ಅದರ ಲೆಕ್ಕ ಅವಳದು, ನಾನು ಕೇಳಿಲ್ಲ. ಅಜ್ಜಿಗೆ ಒಂದು ಮಾತು ಮಾತ್ರ ಹೇಳಿದಳು: ‘ಮಧ್ಯಾಹ್ನ ಊಟ ನಾನೇ ಬಡಿಸುತ್ತಿದ್ದೆ ಅಜ್ಜಿ.’

ಜ್ವರ ಬಂದು ಒಂದು ದಿನ ತಪ್ಪಿತು. ಉಳಿದಂತೆ 145 ಗಂಟೆ, 2,320 ಡಾಲರ್. ಜನವರಿಯಲ್ಲಿ ವರ್ಷದ ಗಳಿಕೆಯ ಡಬ್ಲ್ಯು-2 ಕಾಗದ ಬಂದಾಗ ಅಣ್ಣ ಮನೆಯಲ್ಲಿದ್ದ. ಅದೇ ಊಟದ ಮೇಜು. ಪೆನ್ಸಿಲ್ ಹಿಡಿದು ಒಂದೊಂದೇ ಚೌಕ ತೋರಿಸುತ್ತಾ ಹೋದ. ‘ಇದು ನಿನ್ನ ಒಟ್ಟು ಗಳಿಕೆ. ಇಲ್ಲಿ 143 ಡಾಲರ್ 84 ಸೆಂಟ್ ಸೋಷಿಯಲ್ ಸೆಕ್ಯೂರಿಟಿಗೆ ಹೋಗಿದೆ. ಇದು ನಿನ್ನ ಹೆಸರಿನಲ್ಲಿ ಪೆಟ್ಟಿಗೆಯಲ್ಲಿ ಕೂಡಿಡುವ ಹಣವಲ್ಲ. ಈಗ ಪಿಂಚಣಿ ಪಡೆಯುತ್ತಿರುವವರಿಗೆ ಹೋಗುತ್ತದೆ.’

ಮಗಳು ಆ ಚೌಕದ ಮೇಲೆ ಬೆರಳಿಟ್ಟಳು. ‘ನಮ್ಮ ತಾತನಿಗೋ?’

‘ಅವರಂಥವರಿಗೆ.’

ಅವಳು ಸ್ವಲ್ಪ ಹೊತ್ತು ಆ ಸಂಖ್ಯೆಯನ್ನೇ ನೋಡಿದಳು. ಆಮೇಲೆ ಕಾಗದವನ್ನು ಮಡಚಿ, ಹಸಿರು ಪ್ರಮಾಣಪತ್ರ ಇಟ್ಟಿದ್ದ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿದಳು. ಅಣ್ಣ ಲ್ಯಾಪ್‌ಟಾಪ್ ತೆರೆದು ಅವಳ ಕಡೆಗೆ ತಿರುಗಿಸಿದ. ಆ ವರ್ಷ ‘ಲ್ಯಾಡರ್ಸ್ ಫಾರ್ ಲೀಡರ್ಸ್’ ಎಂಬ ಇನ್ನೊಂದು ದಾರಿಗೆ ಅವಳು ಅರ್ಜಿ ಹಾಕುತ್ತಿದ್ದಳು. ಅದರಲ್ಲಿ ಲಾಟರಿಯಿಲ್ಲ, ಸಂದರ್ಶನವಿದೆ. ಹಿಂದಿನ ಅನುಭವ ಎಂಬ ಸಾಲಿನ ಮುಂದೆ ಏನು ಬರೆಯಬೇಕೆಂದು ಇಬ್ಬರೂ ತಲೆ ಸೇರಿಸಿ ಕುಳಿತಿದ್ದರು.